ಮೋಮಿನಪುರವನ್ನು ಹುಡುಕುವ ಬಗೆ: ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯದಲ್ಲಿ ದೃಶ್ಯಮುದ್ರಿಕೆಗಳು ಮತ್ತು ಸಂಶೋಧನಾ ವರದಿಗಳು

ವಿಶ್ವವಿದ್ಯಾಲಯದ ಗ್ರಂಥಾಲಯವೆಂದರೆ ಮುದ್ರಿತ ಗ್ರಂಥಗಳ ಭಂಡಾರವೆಂಬ ತಿಳಿವಳಿಕೆ ಹಿಂದೆ ಸರಿದು ಎರಡು ದಶಕಗಳೇ ಆದವು. ಪಿಎಚ್.ಡಿ. ಮಹಾಪ್ರಬಂಧಗಳು, ಧನಸಹಾಯ ಪಡೆದ ಯೋಜನೆಗಳ ವರದಿಗಳು, ತರಗತಿಯ ಉಪನ್ಯಾಸಗಳ ದೃಶ್ಯಮುದ್ರಣಗಳು, ಕ್ಷೇತ್ರಕಾರ್ಯದಲ್ಲಿ ದಾಖಲಿಸಿಕೊಂಡ ಹಾಡು, ಕುಣಿತ, ಸಂದರ್ಶನಗಳು ಇವೆಲ್ಲವೂ ಗಣಕದ ಒಂದೇ ಪರದೆಯ ಮೇಲೆ ದೊರೆಯಬೇಕೆಂದು ಇಂದಿನ ಸಂಶೋಧಕರು ನಿರೀಕ್ಷಿಸುತ್ತಾರೆ. ಇಂಥ ಗ್ರಂಥಾಲಯಗಳ ಬಗೆಗೆ ಬರೆಯುವಾಗ ಎಷ್ಟು ಸಾವಿರ ಕಡತಗಳು ಸೇರಿದವು ಎಂಬ ಲೆಕ್ಕವೇ ಮುಂದಾಗುವುದು ವಾಡಿಕೆ. ಪ್ರಸ್ತುತ ಪ್ರಬಂಧ ಆ ಲೆಕ್ಕವನ್ನು ಬದಿಗಿಟ್ಟು, ಸೇರಿದ ವಸ್ತುವು ಹುಡುಕುವವರಿಗೆ ಸಿಗುತ್ತದೆಯೇ, ಸಿಗದಿದ್ದರೆ ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆಯನ್ನು ಕಲಬುರಗಿಯ ಒಂದು ಬಡಾವಣೆಯ ಹೆಸರನ್ನು ಮುಂದಿಟ್ಟುಕೊಂಡು ಪರಿಶೀಲಿಸುತ್ತದೆ.

ಕಲಬುರಗಿ ನಗರದ ಆ ಬಡಾವಣೆ ಮೋಮಿನಪುರ. ‘ಮೋಮಿನ್’ ಎಂಬ ಅರಬ್ಬಿ ಪದಕ್ಕೆ ಶ್ರದ್ಧಾವಂತ, ವಿಶ್ವಾಸಿ ಎಂಬ ಅರ್ಥವಿದೆ. ದಖ್ಖನ್ನಿನಲ್ಲಿಯೂ ಉತ್ತರ ಭಾರತದಲ್ಲಿಯೂ ನೇಯ್ಗೆಯ ಕಸುಬಿನ ಮುಸ್ಲಿಂ ಸಮುದಾಯಗಳು ತಮ್ಮನ್ನು ಕರೆದುಕೊಂಡ ಹೆಸರೂ ಅದೇ. ನೆರೆಯ ಬಿಜಾಪುರ ಜಿಲ್ಲೆಯನ್ನು ಕುರಿತ 1884ರ ಬಾಂಬೆ ಗ್ಯಾಸೆಟಿಯರ್ ಸಂಪುಟ ಮೋಮಿನರನ್ನು ನೇಕಾರರೆಂದೇ ಗುರುತಿಸುತ್ತದೆ. ಹಾಗಾದರೆ ಕಲಬುರಗಿಯ ಮೋಮಿನಪುರ ಮಗ್ಗದವರ ಕೇರಿಯೇ? ನಿಜಾಮರ ಆಳ್ವಿಕೆಯಲ್ಲಿ ನಗರಕ್ಕೆ ಬಂದ ಬಟ್ಟೆಯ ಗಿರಣಿಗೂ ಈ ಕೈಮಗ್ಗದ ಕುಟುಂಬಗಳಿಗೂ ಸಂಬಂಧವಿತ್ತೇ? ಅಲ್ಲಿನ ಹಿರಿಯರು ಆಡುವ ದಖನಿ ಮಾತಿನಲ್ಲಿ ನೇಯ್ಗೆಯ ಪದಗಳು ಉಳಿದಿವೆಯೇ? ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಕೇಳಿಕೊಳ್ಳಬಹುದಾದ ಸಹಜವಾದ ಪ್ರಶ್ನೆಗಳಿವು. ಇವುಗಳ ಬಗೆಗೆ ಹಿಂದೆ ಯಾರಾದರೂ ಕೆಲಸ ಮಾಡಿದ್ದಾರೆಯೇ ಎಂದು ತಿಳಿಯಲು ಆಕೆ ಡಿಜಿಟಲ್ ಗ್ರಂಥಾಲಯವನ್ನು ತೆರೆಯುತ್ತಾಳೆ. ಹುಡುಕುವ ಪೆಟ್ಟಿಗೆಯಲ್ಲಿ ಆಕೆ ಏನನ್ನು ಬರೆಯಬೇಕು? ಈ ಪ್ರಬಂಧದ ಸಮಸ್ಯೆ ಅಲ್ಲಿಂದಲೇ ಆರಂಭವಾಗುತ್ತದೆ.

ಮಹಾಪ್ರಬಂಧಗಳು ಬಂದ ದಾರಿ

ಕರ್ನಾಟಕದಲ್ಲಿ ಮಹಾಪ್ರಬಂಧಗಳ ಡಿಜಿಟಲ್ ಸಂಗ್ರಹದ ಚರಿತ್ರೆ ಮೈಸೂರಿನಿಂದ ಆರಂಭವಾಗುತ್ತದೆ. ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗದಲ್ಲಿ ಶಾಲಿನಿ ಅರಸ್ ಅವರ ನೇತೃತ್ವದಲ್ಲಿ 2000ದಲ್ಲಿ ‘ವಿದ್ಯಾನಿಧಿ’ ಯೋಜನೆ ರೂಪುಗೊಂಡಿತು. ಭಾರತದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳನ್ನು ಗಣಕದಲ್ಲಿ ಒಂದೆಡೆ ತರುವುದು ಅದರ ಗುರಿ. ಈ ಯೋಜನೆಯವರು ಎದುರಿಸಿದ ಮೊದಲ ತೊಡಕುಗಳಲ್ಲಿ ಕನ್ನಡ ಮತ್ತು ಹಿಂದಿಯ ಶೀರ್ಷಿಕೆಗಳನ್ನು ಅವುಗಳ ಸ್ವಂತ ಲಿಪಿಯಲ್ಲಿಯೇ ದಾಖಲಿಸಿ, ಅಕಾರಾದಿಯಾಗಿ ಜೋಡಿಸಿ, ಹುಡುಕುವ ತೊಡಕೂ ಒಂದು. ಯೂನಿಕೋಡನ್ನು ಆಧರಿಸಿ ಅದನ್ನು ಬಿಡಿಸಲು ಅವರು ಮಾಡಿದ ಪ್ರಯತ್ನದ ವರದಿ 2002ರಲ್ಲಿ ಅಂತರರಾಷ್ಟ್ರೀಯ ಯೂನಿಕೋಡ್ ಸಮ್ಮೇಳನದಲ್ಲಿ ಮಂಡನೆಯಾಯಿತು. ಕನ್ನಡದಲ್ಲಿ ಹುಡುಕಲು ಬಾರದ ಗ್ರಂಥಾಲಯ ಕನ್ನಡದ ಸಂಶೋಧಕರಿಗೆ ಅರ್ಧ ಮುಚ್ಚಿದ ಬಾಗಿಲು ಎಂಬುದನ್ನು ಅಷ್ಟು ಮುಂಚೆಯೇ ಕಂಡುಕೊಂಡ ಶ್ರೇಯಸ್ಸು ಅವರಿಗೆ ಸಲ್ಲಬೇಕು.

ಮುಂದೆ 2009ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಎಂ.ಫಿಲ್. ಮತ್ತು ಪಿಎಚ್.ಡಿ. ಪದವಿಗಳ ಕನಿಷ್ಠ ಮಾನದಂಡಗಳ ನಿಯಮಾವಳಿಯಲ್ಲಿ ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವುದನ್ನು ಕಡ್ಡಾಯಗೊಳಿಸಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ ಭಂಡಾರ ಬೆಳೆದದ್ದು ಈ ನಿಯಮದ ಬಲದಿಂದ. ಅಮೆರಿಕದ ಎಂಐಟಿ ಹಾಗೂ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಗಳು 2002ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ‘ಡಿ-ಸ್ಪೇಸ್’ ತಂತ್ರಾಂಶದ ಮೇಲೆ ಅದು ನಿಂತಿದೆ. ಅದರಲ್ಲಿನ ಮಹಾಪ್ರಬಂಧಗಳ ಸಂಖ್ಯೆ ಐದು ಲಕ್ಷವನ್ನು ದಾಟಿದೆ. ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಬಂಧಗಳೂ ವಿಭಾಗವಾರು ಅಲ್ಲಿವೆ.

ಆದರೆ ಅಲ್ಲಿ ‘ವಿಶ್ವವಿದ್ಯಾಲಯ’ ಎಂಬ ಶಿರೋನಾಮೆಯನ್ನು ನಂಬಿ ಹುಡುಕುವವರು ಈ ಪ್ರದೇಶದ ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಅರಿತಿರಬೇಕು. ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1980ರಲ್ಲಿ. ಅದಕ್ಕೂ ಮೊದಲು, 1970ರಿಂದ, ಇಲ್ಲಿದ್ದುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಆ ದಶಕದಲ್ಲಿ ಕಲಬುರಗಿಯಲ್ಲಿ ಕುಳಿತು ಬರೆದ ಪ್ರಬಂಧವನ್ನು ಧಾರವಾಡದ ಪಟ್ಟಿಯಲ್ಲಿ ನೋಡಬೇಕಾಗುತ್ತದೆ. ಹಾಗೆಯೇ 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆರಂಭವಾಗುವವರೆಗೆ ಬಳ್ಳಾರಿ, ಕೊಪ್ಪಳ ಜಿಲ್ಲೆಗಳು ಗುಲಬರ್ಗಾದ ವ್ಯಾಪ್ತಿಯಲ್ಲಿದ್ದವು. ಇನ್ನು 1948ಕ್ಕೂ ಹಿಂದಿನ ಸಂಗತಿಗಳಿಗಾಗಿ ಹೈದರಾಬಾದಿನ ಕಡೆ ತಿರುಗಬೇಕು. 1918ರಲ್ಲಿ ಸ್ಥಾಪಿತವಾಗಿ ಉರ್ದುವನ್ನು ಬೋಧನ ಮಾಧ್ಯಮವಾಗಿ ಇಟ್ಟುಕೊಂಡಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಈ ಭಾಗದ ಕನ್ನಡ ಪುಸ್ತಕಗಳೂ ಸೇರಿವೆ.

ಒಂದು ಊರು, ಹಲವು ಹೆಸರು

ಗ್ರಂಥಾಲಯದಲ್ಲಿರುವ ಪ್ರತಿಯೊಂದು ಕಡತಕ್ಕೂ ಒಂದು ವಿವರಣಾ ದಾಖಲೆ ಇರುತ್ತದೆ. ಹಳೆಯ ಗ್ರಂಥಾಲಯದ ಸೂಚೀಪತ್ರದ ಕಾರ್ಡಿನ ಕೆಲಸವನ್ನು ಈಗ ಅದು ಮಾಡುತ್ತದೆ. ಗಣಕಶಾಸ್ತ್ರದವರು ಇದನ್ನು ಮೆಟಾಡೇಟಾ ಎನ್ನುತ್ತಾರೆ. 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ ಸೇರಿದ ತಜ್ಞರ ಸಭೆಯಿಂದ ಹುಟ್ಟಿದ ‘ಡಬ್ಲಿನ್ ಕೋರ್’ ಪದ್ಧತಿಯಲ್ಲಿ ಹದಿನೈದು ಅಂಶಗಳಿವೆ: ಶೀರ್ಷಿಕೆ, ಕರ್ತೃ, ವಿಷಯ, ವಿವರಣೆ, ದಿನಾಂಕ, ಭಾಷೆ, ಹಕ್ಕು ಇತ್ಯಾದಿ. ಅವುಗಳಲ್ಲಿ ‘ವ್ಯಾಪ್ತಿ’ ಎಂಬುದೊಂದು. ಕೃತಿ ಯಾವ ಸ್ಥಳವನ್ನು, ಯಾವ ಕಾಲವನ್ನು ಕುರಿತದ್ದು ಎಂಬುದನ್ನು ಅಲ್ಲಿ ದಾಖಲಿಸಬೇಕು. ನಮ್ಮವರೇ ಆದ ಎಸ್.ಆರ್. ರಂಗನಾಥನ್ ಅವರು ಇದಕ್ಕೂ ದಶಕಗಳ ಹಿಂದೆ ತಮ್ಮ ವರ್ಗೀಕರಣ ಸಿದ್ಧಾಂತದ ಐದು ಮೂಲ ಮುಖಗಳಲ್ಲಿ ಎರಡನ್ನು ಸ್ಥಳಕ್ಕೂ ಕಾಲಕ್ಕೂ ಮೀಸಲಿಟ್ಟಿದ್ದರು. ಅವರ ಕೊನೆಯ ವರ್ಷಗಳ ಕರ್ಮಭೂಮಿ ಬೆಂಗಳೂರೇ ಆಗಿತ್ತು. ಆದರೂ ದಾಖಲೆಗಳನ್ನು ತುಂಬುವಾಗ ಬರಿದಾಗಿ ಉಳಿಯುವ ಕೋಷ್ಠಕಗಳಲ್ಲಿ ಈ ‘ವ್ಯಾಪ್ತಿ’ಯದೇ ಮೊದಲ ಸ್ಥಾನವೆಂಬುದು ಇಂಥ ದಾಖಲೆಗಳ ನಡುವೆ ಕೆಲವು ಕಾಲ ಕಳೆದವರಿಗೆಲ್ಲ ಗೊತ್ತು.

ತುಂಬಿದರೂ ಯಾವ ಹೆಸರನ್ನು ತುಂಬಬೇಕು? ಕಲಬುರಗಿ ಬಹಮನಿ ಸುಲ್ತಾನರ ಕಾಲದಲ್ಲಿ ಅಹ್ಸನಾಬಾದ್ ಆಗಿತ್ತು. ಭಕ್ತರ ಬಾಯಲ್ಲಿ ಅದು ಗುಲ್ಬರ್ಗಾ ಶರೀಫ್. ಆಡಳಿತದ ಇಂಗ್ಲಿಷಿನಲ್ಲಿ ಬಹುಕಾಲ ಗುಲ್ಬರ್ಗಾ. 2014ರ ನವೆಂಬರ್ 1ರಿಂದ ಸರಕಾರದ ಕಡತಗಳಲ್ಲಿ ಕಲಬುರಗಿ. ವಿಶ್ವವಿದ್ಯಾಲಯ ಮಾತ್ರ ಹಳೆಯ ಹೆಸರನ್ನೇ ಉಳಿಸಿಕೊಂಡಿದೆ. ನಗರದ ಹಳೆಯ ಬಟ್ಟೆ ಗಿರಣಿಯನ್ನು ಜನ ‘ಎಂ.ಎಸ್.ಕೆ. ಮಿಲ್’ ಎನ್ನುತ್ತಾರೆ. ಅದರ ಪೂರ್ಣ ಹೆಸರು ‘ಮಹಬೂಬ್ ಶಾಹಿ ಕುಲ್ಬರ್ಗಾ ಮಿಲ್ಸ್’. ಕೊನೆಯ ಅಕ್ಷರ ‘ಜಿ’ ಆಗದೆ ‘ಕೆ’ ಆಗಿರುವುದರಿಂದ ‘ಗುಲ್ಬರ್ಗಾ ಮಿಲ್’ ಎಂದು ಹುಡುಕುವವರಿಗೆ ಅದು ಸಿಗದೆ ಹೋಗಬಹುದು. ಪ್ರದೇಶದ ಹೆಸರೂ ಹೀಗೆಯೇ. 2019ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಕರ್ನಾಟಕ, ಅನಂತರ ಕಲ್ಯಾಣ ಕರ್ನಾಟಕ. ‘ಕಲ್ಯಾಣ ಕರ್ನಾಟಕ’ ಎಂದಷ್ಟೇ ಹುಡುಕುವ ಇಂದಿನ ವಿದ್ಯಾರ್ಥಿಗೆ ಹಿಂದಿನ ಮೂರು ನಾಲ್ಕು ದಶಕಗಳ ಕೆಲಸ ಕಣ್ಮರೆಯಾಗುತ್ತದೆ. ‘ಗುಲಬರ್ಗಾ ಜಿಲ್ಲೆ’ಯನ್ನು ಕುರಿತ ಹಳೆಯ ಪ್ರಬಂಧದಲ್ಲಿ ಸುರಪುರ, ಶಹಾಪುರಗಳೂ ಸೇರಿರುತ್ತವೆ. ಯಾದಗಿರಿ ಬೇರೆ ಜಿಲ್ಲೆಯಾದದ್ದು ಅನಂತರದ ಮಾತು.

ಕಮಲಾಪುರದ ಸಂಗತಿ ಇನ್ನೂ ಸ್ವಾರಸ್ಯದ್ದು. ಕೆಂಪು ಬಾಳೆಗೆ ಹೆಸರಾದ, ಆ ಬಾಳೆಗೆ ಭೌಗೋಳಿಕ ಸೂಚಿಕೆಯ ಮನ್ನಣೆಯನ್ನೂ ಪಡೆದ ಕಲಬುರಗಿ ಜಿಲ್ಲೆಯ ಕಮಲಾಪುರ ಒಂದು. ಪುರಾತತ್ವ ವಸ್ತುಸಂಗ್ರಹಾಲಯವಿರುವ, ಹಂಪಿಯ ಮಗ್ಗುಲಿನ ಕಮಲಾಪುರ ಇನ್ನೊಂದು. 2010ರವರೆಗೆ ಇವೆರಡೂ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿಯೇ ಇದ್ದವು. ಆದ್ದರಿಂದ ವಿಶ್ವವಿದ್ಯಾಲಯದ ಹೆಸರಿನಿಂದ ಸೋಸಿದರೂ ಎರಡು ಊರುಗಳು ಬೇರೆಯಾಗುವುದಿಲ್ಲ. ಮೋಮಿನಪುರವೂ ಹಾಗೆಯೇ: ಅದೇ ಹೆಸರಿನ ಬಡಾವಣೆಗಳು ನಾಗಪುರದಲ್ಲಿವೆ, ಮುಂಬಯಿಯಲ್ಲಿವೆ. ಊರು, ತಾಲ್ಲೂಕು, ಜಿಲ್ಲೆ ಎಂಬ ಮೂರು ಮೆಟ್ಟಿಲುಗಳನ್ನು ಜೊತೆಯಾಗಿ ಬರೆದಿಟ್ಟರೆ ಮಾತ್ರ ಈ ಗೊಂದಲ ನಿವಾರಣೆಯಾಗುತ್ತದೆ.

ಇದಕ್ಕೆ ಲಿಪಿಯ ತೊಡಕೂ ಸೇರಿಕೊಳ್ಳುತ್ತದೆ. ಮೋಮಿನಪುರ, ಮೋಮಿನಪುರಾ, ಮೊಮಿನಪುರ, ಮೋಮಿನ್‌ಪುರ, ಮೋಮಿನ್ಪುರ ಎಂದು ಇದನ್ನು ಐದಾರು ಬಗೆಯಲ್ಲಿ ಬರೆಯುವುದುಂಟು. ಓದುವ ಕಣ್ಣಿಗೆ ಇವೆಲ್ಲ ಒಂದೇ. ಗಣಕಕ್ಕೆ ಇವು ಬೇರೆ ಬೇರೆ ಪದಗಳು. ಮೋಮಿನ್‌ಪುರ ಎಂಬಲ್ಲಿ ‘ನ್’ ಮತ್ತು ‘ಪು’ಗಳ ನಡುವೆ, ಒತ್ತಕ್ಷರವಾಗದಂತೆ ತಡೆಯಲು, ಕಣ್ಣಿಗೆ ಕಾಣದ ಶೂನ್ಯ ಅಗಲದ ಒಂದು ಸಂಕೇತವಿರುತ್ತದೆ. ಅದನ್ನು ಬಿಟ್ಟು ಹುಡುಕಿದರೆ ಯಂತ್ರವು ಆ ಪದವೇ ಇಲ್ಲವೆನ್ನಬಹುದು. ‘ಮೋ’ ಎಂಬ ಅಕ್ಷರದ ಓತ್ವದ ದೀರ್ಘವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ದಾಖಲಿಸಬಹುದು, ಒತ್ವಕ್ಕೆ ದೀರ್ಘಚಿಹ್ನೆಯನ್ನು ಪ್ರತ್ಯೇಕವಾಗಿ ಸೇರಿಸಿಯೂ ದಾಖಲಿಸಬಹುದು. ಪರದೆಯ ಮೇಲೆ ಎರಡೂ ಒಂದೇ ರೂಪದಲ್ಲಿ ಕಾಣುತ್ತವೆ. ಇವನ್ನು ಏಕರೂಪಕ್ಕೆ ತರುವ ನಿಯಮಗಳು ಯೂನಿಕೋಡಿನಲ್ಲಿಯೇ ಇವೆ. ತಂತ್ರಾಂಶವನ್ನು ಅಳವಡಿಸುವವರು ಆ ನಿಯಮಗಳನ್ನು ಚಾಲನೆಗೊಳಿಸಬೇಕು, ಅಷ್ಟೆ. ಕಾಣದ ಸಂಕೇತದ ತೊಡಕಿಗೆ ಮಾತ್ರ ಅವು ಸಾಲವು. ಹುಡುಕುವಾಗ ಅದನ್ನು ಬಿಟ್ಟು ಲೆಕ್ಕ ಹಾಕುವಂತೆ ಯಂತ್ರಕ್ಕೆ ಪ್ರತ್ಯೇಕವಾಗಿ ತಿಳಿಸಬೇಕಾಗುತ್ತದೆ.

ಪ್ರಬಂಧದ ಒಡಲನ್ನು ಹುಡುಕುವುದು ಇನ್ನೂ ಕಷ್ಟ. ತೊಂಬತ್ತರ ದಶಕದ ಕೊನೆಯಿಂದ ಕನ್ನಡ ವಿಭಾಗಗಳಲ್ಲಿ ಮಹಾಪ್ರಬಂಧಗಳು ಬರಹ, ನುಡಿ, ಶ್ರೀಲಿಪಿ ಮೊದಲಾದ ತಂತ್ರಾಂಶಗಳಲ್ಲಿ ಬೆರಳಚ್ಚಾದವು. ಆ ಕಾಲದ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ಅಕ್ಷರಖಂಡಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿತ್ತು. ಮುದ್ರಣಕ್ಕೆ ಅದರಿಂದ ಬಾಧಕವಿಲ್ಲ. ಆದರೆ ಅಂಥ ಪಿಡಿಎಫ್ ಕಡತದಿಂದ ‘ಕನ್ನಡ’ ಎಂಬ ಪದವನ್ನು ನಕಲಿಸಿ ಬೇರೆಡೆ ಅಂಟಿಸಿದರೆ ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿದ ಒಂದು ಸಾಲು ಬರುತ್ತದೆ. ಹುಡುಕುವ ಯಂತ್ರ ಓದುವುದು ಆ ಕಲಸುಮೇಲೋಗರವನ್ನೇ. ಕಾಗದದ ಪ್ರತಿಯನ್ನು ಸ್ಕ್ಯಾನ್ ಮಾಡಿದ್ದರೆ ಅದು ಬರಿಯ ಚಿತ್ರ, ಅಕ್ಷರವೇ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಲಿಪಿ ಜ್ಞಾನಿ’, ಮುಕ್ತ ತಂತ್ರಾಂಶವಾದ ‘ಟೆಸೆರಾಕ್ಟ್’ ಮುಂತಾದ ಅಕ್ಷರಗುರುತಿನ ಸಾಧನಗಳು ಸ್ಪಷ್ಟವಾದ ಮುದ್ರಿತ ಪುಟವನ್ನು ಈಗ ಚೆನ್ನಾಗಿಯೇ ಓದುತ್ತವೆ. ಹಳೆಯ ಅಕ್ಷರವಿನ್ಯಾಸಗಳಿಂದ ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳೂ ಇವೆ. ಉಪಾಯಕ್ಕೆ ಕೊರತೆಯಿಲ್ಲ, ಮಾಡುವ ಕೈಗಳು ಬೇಕು.

ದೃಶ್ಯಮುದ್ರಿಕೆಗಳು

ವಿಶ್ವವಿದ್ಯಾಲಯದ ದೃಶ್ಯಮುದ್ರಿಕೆಗಳನ್ನು ಸ್ಥೂಲವಾಗಿ ಎರಡಾಗಿ ನೋಡಬಹುದು. ಪಾಠದ ಮುದ್ರಿಕೆಗಳು ಮೊದಲನೆಯವು. ಧನಸಹಾಯ ಆಯೋಗದ ‘ಕಂಟ್ರಿವೈಡ್ ಕ್ಲಾಸ್‌ರೂಮ್’ 1984ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಆರಂಭವಾದಾಗಿನಿಂದ ಈ ಪರಂಪರೆ ಸಾಗಿಬಂದಿದೆ. 2003ರಲ್ಲಿ ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಆರಂಭಿಸಿದ ‘ಎನ್‌ಪಿಟಿಇಎಲ್’, 2017ರ ‘ಸ್ವಯಂ’ ಇದರ ಮುಂದಿನ ಹಂತಗಳು. ಇವುಗಳಿಗೆ ಪಠ್ಯಕ್ರಮವೇ ಸೂಚಿ; ಹುಡುಕುವುದು ಸುಲಭ. ಒಂದು ಕಡೆ ಅಳಿದರೂ ಇನ್ನೊಂದು ಕಡೆ ಸಿಗುತ್ತವೆ.

ಎರಡನೆಯವು ಕ್ಷೇತ್ರಕಾರ್ಯದ ಮುದ್ರಿಕೆಗಳು. ಇವುಗಳ ಸ್ಥಿತಿ ಬೇರೆ. ಒಂದು ಟೇಪು ಹೋದರೆ ಅದರಲ್ಲಿದ್ದ ಹಾಡುಗಾರರೊಡನೆ ಆ ಹಾಡಿನ ಧಾಟಿಯೂ ಹೋಯಿತೆಂದೇ ಅರ್ಥ. ಕಲಬುರಗಿ ಸೀಮೆ ಇಂಥ ವಸ್ತುವಿನಲ್ಲಿ ಶ್ರೀಮಂತವಾದದ್ದು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಇಂದಿಗೂ ಭಜನಾ ಮೇಳಗಳು ಏಕತಾರಿ, ದಮ್ಮಡಿಗಳೊಡನೆ ಹಾಡುತ್ತವೆ. ಅವರ ಶಿಷ್ಯಪರಂಪರೆಯಲ್ಲಿ ಚೆನ್ನೂರು ಜಲಾಲಸಾಹೇಬರಂಥ ಮುಸ್ಲಿಂ ತತ್ವಪದಕಾರರೂ ಇದ್ದಾರೆ. ಮೊಹರಂ ಸಮಯದಲ್ಲಿ ಹಳ್ಳಿಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಕೂಡಿ ಕನ್ನಡದಲ್ಲಿ ಪದ ಕಟ್ಟಿ ಹಾಡುತ್ತಾರೆ. ಪದದ ಪಾಠವನ್ನು ಪುಸ್ತಕದಲ್ಲಿ ಮುದ್ರಿಸಿದವರು ಹಲವರು. ಪಲ್ಲವಿಯನ್ನು ಯಾರು ಎತ್ತಿಕೊಡುತ್ತಾರೆ, ಸೊಲ್ಲು ಹಿಡಿಯುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಅಲಾವಿಯ ಸುತ್ತ ಹೆಜ್ಜೆ ಹೇಗೆ ಬೀಳುತ್ತದೆ, ಹಾಡಿನ ನಡುವೆ ಕೇಳುಗರು ಏನೆನ್ನುತ್ತಾರೆ ಎಂಬುದು ದೃಶ್ಯಮುದ್ರಿಕೆಯಲ್ಲಿ ಮಾತ್ರ ಉಳಿಯುತ್ತದೆ. ಜಾನಪದ ವಿದ್ಯಾರ್ಥಿಗೆ ಪಾಠಾಂತರದಷ್ಟೇ ಮುಖ್ಯವಾದ ಸಂಗತಿಗಳಿವು.

ಇವುಗಳ ದಾಖಲಾತಿಯ ಪರಿಸ್ಥಿತಿಗೆ ಒಂದು ನಿದರ್ಶನ ಸಾಕು. ಬಹಳ ಹಿಂದೆ ಒಂದು ಅಧ್ಯಯನ ವಿಭಾಗದ ಕಪಾಟಿನಲ್ಲಿ ಈ ಲೇಖಕ ಕಂಡ ಕ್ಯಾಸೆಟ್ಟಿನ ಬೆನ್ನಿನ ಮೇಲೆ ಇದ್ದುದು ಇಷ್ಟೇ: ‘ಮೊಹರಂ, ಎರಡನೇ ದಿನ’. ಯಾವ ಊರು, ಯಾವ ವರ್ಷ, ಹಾಡಿದವರು ಯಾರು, ದಾಖಲಿಸಿದವರು ಯಾರು ಎಂಬ ಸುಳಿವಿಲ್ಲ. ದಾಖಲಿಸಿದವರಿಗೆ ಆಗ ಅದೆಲ್ಲ ಗೊತ್ತಿದ್ದುದರಿಂದ ಬರೆಯುವ ಅಗತ್ಯ ಕಾಣಲಿಲ್ಲ. ಅವರು ನಿವೃತ್ತರಾದ ಮೇಲೆ ಕ್ಯಾಸೆಟ್ಟು ಮೂಕವಾಯಿತು. ಅದನ್ನು ಎಷ್ಟೇ ಉತ್ತಮ ಯಂತ್ರದಿಂದ ಡಿಜಿಟಲ್ ರೂಪಕ್ಕೆ ತಂದರೂ ಮೂಕತನ ಹೋಗುವುದಿಲ್ಲ.

ಕಾಲಾವಕಾಶವೂ ಹೆಚ್ಚಿಲ್ಲ. ಕಾಂತಪಟ್ಟಿ ಶಿಥಿಲವಾಗುವುದು ಒಂದು ಕಡೆಯಾದರೆ, ಅದನ್ನು ನುಡಿಸುವ ಯಂತ್ರ ಮಾಯವಾಗುತ್ತಿರುವುದು ಇನ್ನೊಂದು ಕಡೆ. ವಿಎಚ್‌ಎಸ್ ಯಂತ್ರಗಳನ್ನು ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯಾದ ಜಪಾನಿನ ಫುನಾಯಿ 2016ರಲ್ಲಿ ಅದನ್ನು ನಿಲ್ಲಿಸಿತು. ಯುನೆಸ್ಕೋದ ಮಾಹಿತಿ ಕಾರ್ಯಕ್ರಮವೂ ಧ್ವನಿ-ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವೂ ಸೇರಿ ‘ಮ್ಯಾಗ್ನೆಟಿಕ್ ಟೇಪ್ ಅಲರ್ಟ್’ ಎಂಬ ಎಚ್ಚರಿಕೆಯ ಸಮೀಕ್ಷೆ ನಡೆಸಿದವು. 2025ರ ಸುಮಾರಿಗೆ ಟೇಪುಗಳನ್ನು ವಾಡಿಕೆಯಂತೆ ನುಡಿಸುವುದೇ ಅಸಾಧ್ಯವಾದೀತೆಂಬುದು ತಜ್ಞರ ಅಂದಾಜಾಗಿತ್ತು. ಆ ವರ್ಷವೂ ಕಳೆಯಿತು. ಸಂಗ್ರಹಣದ ವೆಚ್ಚವನ್ನೂ ಮರೆಯುವಂತಿಲ್ಲ. ಹಳೆಯ ದೂರದರ್ಶನ ಗುಣಮಟ್ಟದ ಒಂದು ಗಂಟೆಯ ಮುದ್ರಿಕೆಯನ್ನು ಸಂಕೋಚನವಿಲ್ಲದೆ ಹತ್ತು ಬಿಟ್ ಪ್ರಮಾಣದಲ್ಲಿ ಇಟ್ಟರೆ ಸುಮಾರು 93 ಗಿಗಾಬೈಟ್ ಬೇಕು. ಮಾಹಿತಿ ನಷ್ಟವಿಲ್ಲದೆ ಸಂಕೋಚಿಸುವ ‘ಎಫ್‌ಎಫ್‌ವಿ1’ ವಿಧಾನದಲ್ಲಿ ಇದು ಗಣನೀಯವಾಗಿ ಕುಗ್ಗುತ್ತದೆ. ಪ್ರದರ್ಶನಕ್ಕೆಂದು ಚಿಕ್ಕದಾಗಿಸಿದ ಪ್ರತಿಯನ್ನೇ ಮೂಲವೆಂದು ಇಟ್ಟು ಟೇಪನ್ನು ಎಸೆಯುವ ಪದ್ಧತಿ ಮಾತ್ರ ಸಲ್ಲದು.

ಮಾತನ್ನು ಬರಹಕ್ಕಿಳಿಸುವ ಯಂತ್ರಗಳ ಬಗೆಗೂ ಒಂದು ಮಾತು. ಕನ್ನಡಕ್ಕೂ ಇಂಥ ತಂತ್ರಾಂಶಗಳು ಬಂದಿವೆ. ಅವು ವಾರ್ತಾವಾಚಕರ ಕನ್ನಡವನ್ನು ಹಿಡಿಯುವಷ್ಟು ಸಲೀಸಾಗಿ ‘ಮಾಡಲಿಕ್ಕತ್ಯಾರ’, ‘ಹೋಗ್ಯಾನ’ ಎನ್ನುವ ಕಲಬುರಗಿಯ ಮಾತನ್ನು ಹಿಡಿಯಲಾರವು. ಒಂದೇ ವಾಕ್ಯದಲ್ಲಿ ಕನ್ನಡದಿಂದ ದಖನಿಗೆ ಜಾರಿ ಮರಳಿ ಬರುವ ಮೋಮಿನಪುರದಂಥ ಕಡೆಯ ಸಂಭಾಷಣೆಯಲ್ಲಂತೂ ಮುಗ್ಗರಿಸುತ್ತವೆ. ಯಂತ್ರದ ಕರಡನ್ನು ಆ ಮಾತನ್ನು ಬಲ್ಲವರು ತಿದ್ದುವುದು ಅನಿವಾರ್ಯ.

ಐವತ್ತು ವರ್ಷದ ಹಿಂದಿನ ಒಂದು ಜೋಡಿ

ದೃಶ್ಯ ಮತ್ತು ವರದಿ ಎರಡೂ ಜೊತೆಯಾಗಿ ಹುಟ್ಟಿದ ಒಂದು ದೊಡ್ಡ ಪ್ರಯೋಗ ಈ ನೆಲದಲ್ಲಿಯೇ ನಡೆದಿತ್ತೆಂಬುದು ಈಗ ಮರೆತುಹೋದಂತಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’, ಅಂದರೆ ಉಪಗ್ರಹದ ಮೂಲಕ ಬೋಧನಾತ್ಮಕ ದೂರದರ್ಶನ ಪ್ರಯೋಗದಲ್ಲಿ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಿಂದ ಆಯ್ಕೆಯಾದವು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಆಗ ಬೆಂಗಳೂರಿನಲ್ಲಿ ಇನ್ನೂ ದೂರದರ್ಶನ ಕೇಂದ್ರವಿರಲಿಲ್ಲ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದವು. 1977ರಲ್ಲಿ ಕಲಬುರಗಿಗೆ ದೂರದರ್ಶನದ ನೆಲೆ ಬಂದದ್ದು ಇದರ ಮುಂದುವರಿಕೆಯಾಗಿ.

ಸಂಶೋಧನೆಯ ದೃಷ್ಟಿಯಿಂದ ಗಮನಾರ್ಹವಾದುದು ಈ ಪ್ರಯೋಗದೊಡನೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ನಡೆಸಿದ ಸಾಮಾಜಿಕ ಮೌಲ್ಯಮಾಪನ. ಹಳ್ಳಿಗರು ಏನನ್ನು ನೋಡಿದರು, ಏನನ್ನು ಗ್ರಹಿಸಿದರು, ಯಾವುದನ್ನು ಬಿಟ್ಟು ಎದ್ದು ಹೋದರು ಎಂಬುದನ್ನು ಮಾನವಶಾಸ್ತ್ರಜ್ಞರು ಹಳ್ಳಿಗಳಲ್ಲಿಯೇ ನೆಲೆಸಿ ಗಮನಿಸಿದರು. ಬಿನೋದ್ ಸಿ. ಅಗ್ರವಾಲ್ ಅವರ ವರದಿಗಳು ಈ ಕ್ಷೇತ್ರದಲ್ಲಿ ಮೂಲ ಆಕರಗಳು. ಅವುಗಳಲ್ಲೊಂದರ ಶೀರ್ಷಿಕೆ ‘ಟೆಲಿವಿಷನ್ ಕಮ್ಸ್ ಟು ವಿಲೇಜ್’. ಶೀರ್ಷಿಕೆಯಲ್ಲಿ ಗುಲಬರ್ಗಾ ಇಲ್ಲ, ಕರ್ನಾಟಕವೂ ಇಲ್ಲ. ‘ಕಲಬುರಗಿಯಲ್ಲಿ ದೂರದರ್ಶನ’ ಎಂಬ ವಿಷಯವನ್ನು ಎತ್ತಿಕೊಂಡ ಸಂಶೋಧಕನಿಗೆ ಇದು ಕೈಗೆ ಬರಬೇಕಾದರೆ ಯಾರಾದರೂ ಮೊದಲೇ ಅದನ್ನು ತೆರೆದು ಓದಿ, ‘ವ್ಯಾಪ್ತಿ’ಯ ಕೋಷ್ಠಕದಲ್ಲಿ ಈ ಜಿಲ್ಲೆಗಳ ಹೆಸರನ್ನು ಬರೆದಿರಬೇಕು.

ವರದಿಗಳ ವಿಷಯದಲ್ಲಿ ಇದು ಸಾಮಾನ್ಯ ನಿಯಮವೆಂದೇ ಹೇಳಬಹುದು. ವರದಿ ಮಾರಾಟಕ್ಕೆ ಬರುವ ಪುಸ್ತಕವಲ್ಲ. ಸಲ್ಲಿಕೆಯಾದ ಕಚೇರಿಯಲ್ಲಿಯೇ ಉಳಿಯುತ್ತದೆ. ಆದರೆ ಜನಜೀವನದ ಮೇಲೆ ಅದರ ಪ್ರಭಾವ ಪುಸ್ತಕಗಳಿಗಿಂತ ಹೆಚ್ಚಾಗಿರಬಹುದು. 2000ದಲ್ಲಿ ರಚನೆಯಾಗಿ 2002ರಲ್ಲಿ ವರದಿ ನೀಡಿದ ಡಿ.ಎಂ. ನಂಜುಂಡಪ್ಪ ಸಮಿತಿ ಆಗಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು: ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35. ಆ 39ರಲ್ಲಿ 21 ಗುಲಬರ್ಗಾ ವಿಭಾಗದವು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಹಿಂದಿನ ಚರ್ಚೆಗಳಲ್ಲೆಲ್ಲ ಈ ಅಂಕಿಗಳು ಬಳಕೆಯಾದವು. ಇಂದಿನ ಕಮಲಾಪುರ ತಾಲ್ಲೂಕಿನ ವಿದ್ಯಾರ್ಥಿ ಈ ವರದಿಯಲ್ಲಿ ತನ್ನ ತಾಲ್ಲೂಕನ್ನು ಹುಡುಕಿದರೆ ಅದು ಕಾಣಸಿಗದು. ಆಗ ಅದು ಗುಲಬರ್ಗಾ ತಾಲ್ಲೂಕಿನ ಭಾಗವಾಗಿತ್ತು. ಗುಲಬರ್ಗಾ ತಾಲ್ಲೂಕಿನ ಸರಾಸರಿಯಲ್ಲಿ ನಗರವೂ ಮೋಮಿನಪುರವೂ ಕಮಲಾಪುರದ ಹಳ್ಳಿಗಳೂ ಒಂದಾಗಿ ಕರಗಿವೆ. ಆ ಸರಾಸರಿಯನ್ನು ಬಿಡಿಸಿ ನೋಡಬಲ್ಲವು ಊರು, ಬಡಾವಣೆಗಳ ಮಟ್ಟದ ಎಂ.ಫಿಲ್. ಪ್ರಬಂಧಗಳು, ಕಿರು ಸಂಶೋಧನಾ ಯೋಜನೆಗಳ ವರದಿಗಳು. ಮಹಾಪ್ರಬಂಧಗಳ ಮೆರವಣಿಗೆಯಲ್ಲಿ ಹಿಂದುಳಿಯುವವೂ ಅವೇ. ಗ್ರಂಥಾಲಯಗಳು ಇವನ್ನು ಮೊದಲು ಸೇರಿಸಿಕೊಳ್ಳಬೇಕೆಂಬುದು ಈ ಲೇಖಕನ ಅಭಿಪ್ರಾಯ. ಪಿಎಚ್.ಡಿ. ಪ್ರಬಂಧಕ್ಕೆ ನಿಯಮದ ಕಾವಲಿದೆ, ಇವಕ್ಕಿಲ್ಲ.

ಹಕ್ಕು ಮತ್ತು ಹೊಣೆ

ಮಹಾಪ್ರಬಂಧವನ್ನು ಜಾಲದಲ್ಲಿ ಇಟ್ಟ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ಲೇಖಕನಿಂದ ಹೋಗುವುದಿಲ್ಲ. ದೃಶ್ಯಮುದ್ರಿಕೆಯಲ್ಲಿ ಹಾಡಿದವರ ಹಕ್ಕೂ ಸೇರುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಬಂದ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮಾನ್ಯಮಾಡಿತು, 1999ರ ತಿದ್ದುಪಡಿ ಅದರ ಅವಧಿಯನ್ನು ಐವತ್ತು ವರ್ಷಗಳಿಗೆ ಏರಿಸಿತು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಕ್ಯಾಮೆರಾ ಎದುರು ಕುಳಿತು ಹಾಡಿದ ತಾಯಂದಿರು ‘ನಮ್ಮ ಹುಡುಗರು ಓದಲಿ’ ಎಂದು ಒಪ್ಪಿದ್ದರೇ ಹೊರತು ಜಗತ್ತಿಗೆಲ್ಲ ತೆರೆದಿಡಲು ಅಲ್ಲ. ಅವರನ್ನೋ ಅವರ ಮನೆಯವರನ್ನೋ ಕಂಡು ಕೇಳುವುದು ನ್ಯಾಯ. ಸಿಗದಿದ್ದಲ್ಲಿ ಗ್ರಂಥಾಲಯದ ಒಳಗೆ ಮಾತ್ರ ನೋಡಲು ಅವಕಾಶವಿಟ್ಟು, ವಿವರಣಾ ದಾಖಲೆಯನ್ನು ಎಲ್ಲರಿಗೂ ತೆರೆಯಬಹುದು. ಹೀಗೊಂದು ಮುದ್ರಿಕೆ ಇದೆ ಎಂದು ತಿಳಿಯುವುದೇ ಸಂಶೋಧಕನಿಗೆ ಅರ್ಧ ಕೆಲಸ.

ವಿವರಣೆ ಬರೆಯುವವರು ಯಾರು ಎಂಬ ಪ್ರಶ್ನೆಗೆ ಕನ್ನಡದಲ್ಲಿಯೇ ಒಂದು ಉತ್ತರ ದೊರೆತಿದೆ. ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ, ಎಷ್ಟೋ ಕಡೆ ಗುರುತೇ ಸಿಗದ ಕಾಗುಣಿತದಲ್ಲಿ ದಾಖಲಾಗಿದ್ದವು. ಪುಸ್ತಕ ಇದ್ದೂ ಇಲ್ಲದಂತಿತ್ತು. ಆಗ ‘ಸಂಚಯ’ ಬಳಗದವರು ಆ ಶೀರ್ಷಿಕೆಗಳನ್ನೂ ಉಸ್ಮಾನಿಯಾ ಸಂಗ್ರಹದ ಶೀರ್ಷಿಕೆಗಳನ್ನೂ ಜಾಲದಲ್ಲಿ ಸಾಲಾಗಿಟ್ಟು, ಆಸಕ್ತರು ಒಂದೊಂದಾಗಿ ಕನ್ನಡ ಲಿಪಿಗೆ ತರುವಂತೆ ‘ಸಮೂಹ ಸಂಚಯ’ವನ್ನು ರೂಪಿಸಿದರು. ವಿದ್ಯಾರ್ಥಿಗಳು, ಗೃಹಿಣಿಯರು, ತಂತ್ರಜ್ಞರು ಬಿಡುವಿನಲ್ಲಿ ಕುಳಿತು ಬೆರಳಚ್ಚಿಸಿದರು. ಅದರಿಂದ ಕನ್ನಡದಲ್ಲಿ ಹುಡುಕಬಹುದಾದ ಪುಸ್ತಕಸೂಚಿ ಸಿದ್ಧವಾಯಿತು. ಒಂದು ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು ಕ್ಷೇತ್ರಕಾರ್ಯದ ಪತ್ರಿಕೆಯ ಅಂಗವಾಗಿ ತಲಾ ಹತ್ತು ಪ್ರಬಂಧಗಳನ್ನೂ ಒಂದು ಮುದ್ರಿಕೆಯನ್ನೂ ಓದಿ, ನೋಡಿ, ಕನ್ನಡದಲ್ಲಿ ವಿವರಿಸಿದರೆ ಕೆಲವೇ ವರ್ಷಗಳಲ್ಲಿ ಆ ವಿಭಾಗದ ಕಪಾಟು ಮಾತನಾಡತೊಡಗುತ್ತದೆ. ಮೋಮಿನಪುರದ ಒಂದು ಸಂದರ್ಶನಕ್ಕೆ ಬೇಕಾದ ದಾಖಲೆ ಬಹು ದೊಡ್ಡದೇನಲ್ಲ. ಹೆಸರಿನ ಎಲ್ಲ ಕಾಗುಣಿತಗಳು. ನಗರ, ತಾಲ್ಲೂಕು, ಜಿಲ್ಲೆ, ದಾಖಲಿಸಿದ ಕಾಲದಲ್ಲಿ ಅವುಗಳಿಗಿದ್ದ ಹೆಸರು. ಮಾತಿನ ಭಾಷೆ ಕನ್ನಡವೋ ದಖನಿಯೋ ಎರಡೂ ಹೌದೋ. ನೇಕಾರ, ಮೋಮಿನ್, ಜುಲಾಹ, ಕೈಮಗ್ಗ ಎಂಬ ವಿಷಯಪದಗಳು. ಮಾತನಾಡಿದವರು ಬಯಸಿದ್ದರೆ ಅವರ ಹೆಸರು. ಯಾವ ನಿಮಿಷದಲ್ಲಿ ಯಾವ ಮಾತು ಬರುತ್ತದೆ ಎಂಬ ಸಣ್ಣ ಪಟ್ಟಿ.

ಕೆಲಸದ ಕ್ರಮದಲ್ಲಿ ಪ್ರಬಂಧಗಳು ಸ್ವಲ್ಪ ಕಾಯಬಲ್ಲವು, ಟೇಪುಗಳು ಕಾಯಲಾರವು. ಟೇಪುಗಳಿಗಿಂತಲೂ ಮೊದಲು ಅವುಗಳಲ್ಲಿನ ಮುಖಗಳನ್ನು ಗುರುತಿಸಬಲ್ಲ ಹಿರಿಯರನ್ನು ಕಾಣಬೇಕು. ಅದಕ್ಕೆ ಪ್ರಯೋಗಾಲಯವೇನೂ ಬೇಕಿಲ್ಲ. ಮುದ್ರಿಕೆಯಿಂದ ತೆಗೆದ ನಾಲ್ಕು ಚಿತ್ರಗಳನ್ನು ಕೈಯಲ್ಲಿ ಹಿಡಿದು ಒಂದು ಸಂಜೆ ಆ ಊರಿನ ಕಟ್ಟೆಗೆ ಹೋಗಿ ಕುಳಿತರೆ, ‘ಇವ ನಮ್ಮ ಕಾಕಾ ಅಲ್ಲೇನ್ರೀ’ ಎನ್ನುವವರು ಇನ್ನೂ ಸಿಗುತ್ತಾರೆ.